ಸಾಕು ಅಂದ್ರೆ ಹಾಕು

– ರಾಯರೇ, ಕೈಲಿ ಕವರು, ಮುಖ ಸಪ್ಪೆ. ಕಿವಿ ಪರೀಕ್ಷೆ ಆಯ್ತಾ?

– ಆಯ್ತು ಮೇಡಂ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಿಂದ ನೇರ ಇಲ್ಲಿಗೇ, ಕುಕ್ಕರಹಳ್ಳಿ ಕೆರೆಗೇ ಬಂದೆ. ಮನೆಗೆ ಹೋದ್ರೆ ನಮ್ಮವಳು ಕೇಳೋ ಮೊದಲ ಪ್ರಶ್ನೆ ‘ಏನಂದ್ರು’ ಅಲ್ಲ, ‘ಎಷ್ಟಂತೆ’. ಅದಕ್ಕೆ ಉತ್ತರ ಇನ್ನೂ ತಯಾರಾಗಿಲ್ಲ.

– ಕೊಡಿ ಇಲ್ಲಿ, ನೋಡೋಣ. ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಗುರುತು ಎಡಗಿವಿ. ಎರಡೂ ಜೊತೆಜೊತೆಯಾಗೇ ಇಳಿದಿವೆ, ಅಷ್ಟರಮಟ್ಟಿಗೆ ಸಮಾಧಾನ. ಒಂದೇ ಕಿವಿ ಇಳಿದಿದ್ರೆ, ಇಲ್ಲಾ ರಾತ್ರಿ ಬೆಳಗಾಗೋದ್ರೊಳಗೆ ಕೇಳಿಸದೇ ಹೋಗಿದ್ರೆ, ಕಿವಿ ಮಿಷನ್ ಮಾತು ಬಿಟ್ಟು ಅವತ್ತೇ ಕಿವಿ ಡಾಕ್ಟರ ಹತ್ರ ಓಡಬೇಕಿತ್ತು. ನಿಮ್ಮದು ವಯಸ್ಸಿನದು. 250 ಹರ್ಟ್ಸ್‌ನಲ್ಲಿ 20 ಡೆಸಿಬೆಲ್, ಅಲ್ಲಿ ನೀವಿನ್ನೂ ಹುಡುಗರು. 1,000 ದಾಟಿದ ಮೇಲೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿದ ಹಾಗೆ ಗೆರೆ ಇಳೀತಾ ಹೋಗುತ್ತೆ. 2,000ದಲ್ಲಿ 55, 4,000ದಲ್ಲಿ 65.

– ಆದ್ರೆ ನನಗೆ ಕೇಳಿಸುತ್ತಲ್ಲ! ಮಾತಾಡ್ತಾ ಇದ್ದಾರೆ ಅಂತ ಗೊತ್ತಾಗುತ್ತೆ. ಏನು ಮಾತಾಡ್ತಾ ಇದ್ದಾರೆ ಅನ್ನೋದಷ್ಟೇ ಗೊತ್ತಾಗಲ್ಲ. ಈಗಿನ ಹುಡುಗರಿಗೆ ಬಾಯಿಬಿಟ್ಟು ಮಾತಾಡೋಕೇ ಬರಲ್ಲ.

– ಇದನ್ನ ನಾನೂ ಎಷ್ಟೋ ವರ್ಷ ಹೇಳ್ಕೊಂಡು ತಿರುಗಿದೀನಿ. ಕೊನೆಗೆ ನನ್ನ ವಾರಿಗೆಯವರೂ ಬಾಯಿಬಿಟ್ಟು ಮಾತಾಡೋದು ನಿಲ್ಲಿಸಿದಾಗ ಅನುಮಾನ ಬಂತು.

– ಹೋದ ತಿಂಗಳು ತಂಗಿ ಮಗಳ ಮದುವೆ. ಹೋಳಿಗೆ ಮೇಲೆ ತುಪ್ಪ ಬಡಿಸೋ ಕೆಲಸ ನಾನೇ ವಹಿಸಿಕೊಂಡಿದ್ದೆ. ಬೀಗರು ‘ಹಾಕು ಹಾಕು’ ಅಂದ್ರು. ಹಾಕಿದೆ. ಮತ್ತೆ ‘ಹಾಕು’ ಅಂದ್ರು, ಮತ್ತೆ ಹಾಕಿದೆ. ಎಲೆಯಿಂದ ತುಪ್ಪ ಹರಿದು ಅವರ ರೇಷ್ಮೆ ಪಂಚೆಗೆ ಇಳೀತು. ಅವರು ಅಷ್ಟು ಹೊತ್ತೂ ಹೇಳ್ತಾ ಇದ್ದದ್ದು ‘ಸಾಕು ಸಾಕು’ ಅಂತ.

– ಬೀಗರು ನಿಮ್ಮನ್ನ ಏಕವಚನದಲ್ಲಿ ‘ಹಾಕು’ ಅಂತಾರಾ ರಾಯರೇ?

– ಅದೇ ನನಗೂ ಒಳಗೊಳಗೇ ಸಿಟ್ಟು ಬಂದಿದ್ದು! ಆ ಸಿಟ್ಟಲ್ಲೇ ಒಂದು ಸೌಟು ಜಾಸ್ತಿ ಹಾಕಿದೆ ಅನ್ಸುತ್ತೆ.

– ನಿಮ್ಮ ತಪ್ಪಿಲ್ಲ, ಈ ಗೆರೇನೇ ಹೇಳ್ತಾ ಇದೆ ನೋಡಿ. ‘ಆ’, ‘ಉ’, ಈ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಾಂಕದಲ್ಲಿ. ಅಲ್ಲಿ ನಿಮ್ಮ ಕಿವಿ ಚೆನ್ನಾಗಿದೆ. ‘ಸ’ಕಾರ ಇದೆಯಲ್ಲ, ಅದು 4,000 ಹರ್ಟ್ಸ್ ಆಚೆ ಈಚೆ ಮತ್ತು ಅದರ ಮೇಲೆ ಬದುಕೋ ಸದ್ದು, ಅದೂ ಬಲು ಸಣ್ಣ ಸದ್ದು. ಅದು ಬಿದ್ದು ಹೋದ್ರೆ ಕಿವಿಗೆ ಬರೋದು ಮೊದಲ ಅಕ್ಷರ ಇಲ್ಲದ ‘–ಆಕು’. ಖಾಲಿ ಜಾಗ ಮೆದುಳಿಗೆ ಸಹಿಸಲ್ಲ. ಕೈಲಿ ಸೌಟು ಇದೆ, ಮುಂದೆ ಎಲೆ ಇದೆ, ‘ಹಾಕು’ ಅಂತ ತುಂಬಿಸಿಬಿಡುತ್ತೆ. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನ ಆಕಾರದ ಕಾಕ್ಲಿಯಾ ಇದೆ. ಅದರ ಬುಡದಲ್ಲಿರೋ ರೋಮಕೋಶಗಳೇ ಎತ್ತರದ ಸದ್ದು ಹಿಡಿಯೋವು, ಸಾಯೋದೂ ಮೊದಲು ಅವೇ. ಮೆದುಳಿಗೆ ಸುದ್ದಿ ಮುಟ್ಟಿಸೋ ಒಳಸಾಲಿನ ಕೋಶಗಳು ಒಂದು ಕಿವಿಗೆ ಹೆಚ್ಚುಕಡಿಮೆ 3,500 ಮಾತ್ರ. ಹೋದವು ಮತ್ತೆ ಹುಟ್ಟಲ್ಲ. ಕೋಳಿಗಳಿಗೆ ಹುಟ್ಟುತ್ತವೆ, ನಮಗಿಲ್ಲ.

– ಪಾಠ ಬಿಡಲ್ಲ ನೀವು. ಫಿಸಿಕ್ಸ್ ಮೇಡಂ ಅಂತ ಇಡೀ ಬಡಾವಣೆ ಯಾಕೆ ಹೆದರುತ್ತೆ ಅಂತ ಈಗ ಗೊತ್ತಾಯ್ತು. ಸರಿ, ಜೋರಾಗಿ ಮಾತಾಡಿದ್ರೆ ಸಾಲದಾ? ಮಿಷನ್ ಯಾಕೆ ಬೇಕು?

– ಜೋರಾಗಿ ಅಂದ್ರೆ ಸ್ವರ ಜೋರಾಗುತ್ತೆ, ‘ಸ’ಕಾರ ಅಲ್ಲೇ ಇರುತ್ತೆ. ನಿಮ್ಮನೆಯವರು ‘ರೀ’ ಅಂತ ಮೂರು ಸಲ ಕರೆದು ನಾಲ್ಕನೇ ಸಲ ಕೂಗಿದಾಗ ನೀವು ಏನಂತೀರಿ?

– ‘ಯಾಕೆ ಕಿರುಚ್ತೀಯ, ನಾನೇನು ಕಿವುಡನಾ’ ಅಂತೀನಿ.

– ಅದೂ ಕಾಯಿಲೆಯ ಭಾಗವೇ. ಮೆಲ್ಲಗಿದ್ರೆ ಕೇಳಿಸಲ್ಲ, ಸ್ವಲ್ಪ ಜೋರಾದ್ರೆ ತಡೆಯೋಕಾಗಲ್ಲ. ಈ ಎರಡರ ನಡುವಿನ ಜಾಗ ವಯಸ್ಸಾದಂತೆ ಕಿರಿದಾಗ್ತಾ ಬರುತ್ತೆ. ಒಳ್ಳೆ ಮಿಷನ್ ಮಾಡೋ ಕೆಲಸ ಅಂದ್ರೆ ಪ್ರಪಂಚದ ಸದ್ದನ್ನೆಲ್ಲ ಆ ಕಿರಿದಾದ ಜಾಗದೊಳಗೆ ಜೋಡಿಸಿ ಕೂರಿಸೋದು. ಮೆಲು ಸದ್ದಿಗೆ ಹೆಚ್ಚು ಬಲ, ದೊಡ್ಡ ಸದ್ದಿಗೆ ಕಡಿಮೆ, ತೀರಾ ದೊಡ್ಡದಕ್ಕೆ ತಡೆ. ಅದೂ ಒಂದೊಂದು ಕಂಪನಾಂಕಕ್ಕೆ ಒಂದೊಂದು ಲೆಕ್ಕ.

– ಹಾಗಾದ್ರೆ ನಾನು ಆನ್‌ಲೈನಲ್ಲಿ ತರಿಸಿದ್ದು? ಸಾವಿರದ ಇನ್ನೂರು ರೂಪಾಯಿದು. ಹಾಕಿಕೊಂಡ ತಕ್ಷಣ ಫ್ಯಾನಿನ ಸದ್ದು ಹೆಲಿಕಾಪ್ಟರ್ ಆಯ್ತು.

– ಅದು ಬರೀ ಸದ್ದು ಹಿಗ್ಗಿಸೋ ಡಬ್ಬಿ. ಚೆನ್ನಾಗಿರೋ ಕಡೆಗೂ ಬಲ, ಕೆಟ್ಟಿರೋ ಕಡೆಗೂ ಬಲ. ಅದನ್ನ ಎಸೀಬೇಡಿ, ಮೊಮ್ಮಗನಿಗೆ ಬಿಚ್ಚಿ ನೋಡೋಕೆ ಕೊಡಿ.

– ಇನ್ನೊಂದು ಕಡೆಗೂ ಹೋಗಿದ್ದೆ. ದೊಡ್ಡ ರಸ್ತೇಲಿ ‘ಉಚಿತ ಶ್ರವಣ ತಪಾಸಣೆ’ ಅಂತ ಬೋರ್ಡು, ಎ.ಸಿ., ಕಾಫಿ. ಹತ್ತು ನಿಮಿಷ ಪರೀಕ್ಷೆ, ಒಂದು ಗಂಟೆ ಮಾರಾಟ. ಒಂದು ಜೊತೆಗೆ 3,80,000 ಅಂದ್ರು. ನಾನು ಎದ್ದೆ. ಬಾಗಿಲ ಹತ್ರ ಬರೋ ಹೊತ್ತಿಗೆ ಹಬ್ಬದ ಆಫರ್ ನೆನಪಾಗಿ 1,90,000ಕ್ಕೆ ಇಳೀತು. ಮೂವತ್ತೈದು ವರ್ಷ ವಿಮೆ ಮಾರಿದವನು ನಾನು. ಬಾಗಿಲ ಹತ್ರ ಅರ್ಧ ಆಗೋ ಬೆಲೆ ಎಂಥದ್ದು ಅಂತ ನನಗೆ ಗೊತ್ತಾಗಲ್ವಾ?

– ಬಿಲ್ಲಿಗೆ ಜಿಎಸ್‌ಟಿ ಸೇರಿಸಿದ್ರಾ?

– ‘ಟ್ಯಾಕ್ಸ್ ಎಕ್ಸ್‌ಟ್ರಾ’ ಅಂದ ಹಾಗೆ ನೆನಪು.

– ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ. ಯಾರಾದ್ರೂ ಸೇರಿಸಿದ್ರೆ ಯಾವ ಬಾಬತ್ತಿಗೆ ಅಂತ ಕೇಳಿ. ಆಮೇಲೆ, ಅವರು ತೋರಿಸಿದ ಕಂಪನಿ ಹೆಸರಿಗೆ ಬೆರಗಾಗಬೇಡಿ. ಪ್ರಪಂಚದ ಹೆಚ್ಚಿನ ಮಿಷನ್ ಮಾಡೋದು ಐದು ಗುಂಪುಗಳು ಅಷ್ಟೆ. ಫೋನಾಕ್ ಸ್ವಿಟ್ಜರ್ಲೆಂಡಿನ ಸೊನೋವಾದ್ದು, ಓಟಿಕಾನ್ ಡೆನ್ಮಾರ್ಕಿನ ಡೆಮಾಂಟ್‌ದು, ರೀಸೌಂಡ್ ಕೂಡ ಡೆನ್ಮಾರ್ಕಿನದೇ, ಸ್ಟಾರ್ಕಿ ಅಮೆರಿಕದ್ದು. ನಮ್ಮ ಕಾಲದವರು ಇನ್ನೂ ‘ಸೀಮೆನ್ಸ್ ಮಿಷನ್ ಕೊಡಿ’ ಅಂತಾರೆ. ಸೀಮೆನ್ಸ್ 2015ರಲ್ಲೇ ಆ ವ್ಯಾಪಾರ ಮಾರಿ ಕೈತೊಳ್ಕೊಂಡಿತು. ಅದು ಈಗ ಸಿಗ್ನಿಯಾ, ವೈಡೆಕ್ಸ್ ಜೊತೆ ಒಂದೇ ಮನೆ. ಪ್ರತಿಯೊಬ್ಬರಲ್ಲೂ ಒಂದೇ ಮಾದರಿಯ ನಾಲ್ಕೈದು ಮೆಟ್ಟಿಲು ಇರುತ್ತೆ. ಎಷ್ಟೋ ಸಲ ಹೊರಗಿನ ಕವಚ ಅದೇ. ಒಳಗಿನ ಸಾಫ್ಟ್‌ವೇರಿನಲ್ಲಿ ಯಾವ ಯಾವ ಸೌಕರ್ಯ ತೆರೆದಿಟ್ಟಿದ್ದಾರೆ ಅನ್ನೋದರ ಮೇಲೆ ಬೆಲೆ ಏರುತ್ತೆ. ಗದ್ದಲ ತಗ್ಗಿಸೋದು ಇಷ್ಟು, ಚಾನೆಲ್ ಅಷ್ಟು, ಬ್ಲೂಟೂತ್ ಬೇಕಾ ಬೇಡವಾ, ಹೀಗೆ.

– ಹಾಗಂತ ಮೇಲಿನದು ಚೆನ್ನಾಗಿರಲ್ಲ ಅಂತೀರಾ?

– ಹಾಗನ್ನಲ್ಲ. ಬೆಲೆ ಏರಿದಷ್ಟು ಕೇಳಿಸೋದು ಏರಲ್ಲ ಅಂತೀನಿ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದಲ್ಲಿ ರಾಬಿನ್ ಕಾಕ್ಸ್ ಅಂತ ಒಬ್ಬಾಕೆ, ಅವರ ತಂಡ ವಯಸ್ಸಾದವರಿಗೆ ಕೆಳಮಟ್ಟದ ಮಿಷನ್ನೂ ಮೇಲ್ಮಟ್ಟದ ಮಿಷನ್ನೂ ಹಾಕಿಸಿ ನೋಡಿದ್ರು. ಎರಡರಿಂದಲೂ ಉಪಯೋಗ ಆಯ್ತು, ದುಬಾರಿಯದರಿಂದ ಹೇಳಿಕೊಳ್ಳೋ ಅಷ್ಟು ಹೆಚ್ಚೇನೂ ಆಗಲಿಲ್ಲ. 2014ರಲ್ಲಿ ಪ್ರಕಟ ಮಾಡಿದ್ರು. ಇಂಡಿಯಾನಾದಲ್ಲಿ ಲ್ಯಾರಿ ಹ್ಯೂಮ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. ಒಂದೇ ಮಿಷನ್ನನ್ನ ಕೆಲವರಿಗೆ ಕಡಿಮೆ ಬೆಲೆಗೆ, ಕೆಲವರಿಗೆ ಹಲವು ಪಟ್ಟು ಬೆಲೆಗೆ ಕೊಟ್ಟು ನೋಡಿದ್ರು. ಜಾಸ್ತಿ ದುಡ್ಡು ಕೊಟ್ಟವರಿಗೆ ಜಾಸ್ತಿ ಕೇಳಿಸಲಿಲ್ಲ, ಜಾಸ್ತಿ ತೃಪ್ತಿಯೂ ಆಗಲಿಲ್ಲ.

– ಇದನ್ನ ಆ ಎ.ಸಿ. ರೂಮಲ್ಲಿ ಯಾರೂ ಹೇಳಲಿಲ್ಲ.

– ಅವರು ಹೇಳದಿದ್ದದ್ದು ಇನ್ನೊಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಮಿಷನ್ ಕೊಳ್ಳೋದು ಅರ್ಧ ಕೆಲಸ ಕೂಡ ಅಲ್ಲ, ಹೊಂದಿಸೋದೇ ಕೆಲಸ. ಕಿವಿಯೊಳಗೆ ಎಳೆಯಷ್ಟು ತೆಳು ಸಿಲಿಕೋನ್ ಕೊಳವೆ ಇಳಿಸ್ತಾರೆ, ಪಕ್ಕದಲ್ಲೇ ಮಿಷನ್ ಕೂರಿಸ್ತಾರೆ, ಸ್ಪೀಕರಿನಿಂದ ಮಾತಿನ ಸದ್ದು ಹಾಕ್ತಾರೆ. ನಿಮ್ಮ ಕಿವಿತಮಟೆ ಹತ್ರ ನಿಜವಾಗಿ ಎಷ್ಟು ಸದ್ದು ಮುಟ್ತಾ ಇದೆ ಅಂತ ಪರದೆ ಮೇಲೆ ಗೆರೆ ಬರುತ್ತೆ. ಎಷ್ಟು ಮುಟ್ಟಬೇಕು ಅನ್ನೋದಕ್ಕೆ ಆಸ್ಟ್ರೇಲಿಯಾದ ರಾಷ್ಟ್ರೀಯ ಶ್ರವಣ ಪ್ರಯೋಗಾಲಯದವರ ಒಂದು ಸೂತ್ರ ಇದೆ, ಎನ್‌ಎಎಲ್-ಎನ್‌ಎಲ್2 ಅಂತ. ಆ ಗೆರೆ ಮೇಲೆ ಈ ಗೆರೆ ಕೂರಬೇಕು. ‘ರಿಯಲ್ ಇಯರ್’ ಮಾಡ್ತೀರಾ ಅಂತ ಕೇಳಿ. ಮಾಡ್ತೀವಿ ಅಂದ್ರೆ ಕೂತ್ಕೊಳ್ಳಿ. ‘ಕಂಪ್ಯೂಟರ್ ತಾನೇ ಸೆಟ್ ಮಾಡ್ಕೊಳ್ಳುತ್ತೆ ಸರ್’ ಅಂದ್ರೆ ಕಾಫಿ ಕುಡಿದು ಬನ್ನಿ.

– ಇದಕ್ಕೆ ಬೇರೆ ದುಡ್ಡಾ?

– ಕೆಲವು ಕಡೆ ಬೇರೆ, ಕೆಲವು ಕಡೆ ಮಿಷನ್ ಬೆಲೆಯಲ್ಲೇ ಸೇರಿರುತ್ತೆ. ಸೇರಿದ್ರೆ ಎಷ್ಟು ಸಲ ಬಂದು ಸರಿಮಾಡಿಸ್ಕೊಳ್ಳಬಹುದು, ಎಷ್ಟು ವರ್ಷ, ಬರೆದು ಕೊಡಿ ಅನ್ನಿ. ಕೂರಿಸೋರ ನೋಂದಣಿ ಸಂಖ್ಯೆ ಕೇಳಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಆಡಿಯಾಲಜಿಸ್ಟ್ ಆಗಿ ನೋಂದಣಿ ಇರಬೇಕು, ಮಾರಾಟದ ಹುಡುಗ ಬಿಳಿ ಕೋಟು ಹಾಕಿದ್ರೆ ಆಗಲ್ಲ. ನಾಳೆ ಬೇರೆ ಊರಲ್ಲಿ, ಬೇರೆಯವರ ಹತ್ರ ಈ ಮಿಷನ್ ಪ್ರೋಗ್ರಾಮ್ ಮಾಡಿಸಬಹುದಾ, ಇಲ್ಲಾ ನಿಮ್ಮ ಅಂಗಡೀಲೇ ಆಗೋ ಹಾಗೆ ಬೀಗ ಹಾಕಿದೀರಾ, ಅದನ್ನೂ ಕೇಳಿ.

– ಮಾತಿನ ಪರೀಕ್ಷೆ ಅಂತ ಇನ್ನೊಂದು ಮಾಡಿದ್ರು ಇವತ್ತು. ಕನ್ನಡ ಪದ ಒಂದೊಂದಾಗಿ ಹೇಳ್ತಾರೆ, ನಾನು ತಿರುಗಿ ಹೇಳಬೇಕು.

– ಅದು ಗೆರೆಗಿಂತ ದೊಡ್ಡ ವಿಷಯ. ಸದ್ದು ಸಾಕಷ್ಟು ಕೊಟ್ಟಾಗ ನಿಮ್ಮ ಕಿವಿ ಮೆದುಳು ಎರಡೂ ಸೇರಿ ಎಷ್ಟು ಬಿಡಿಸಿಕೊಳ್ಳುತ್ತವೆ ಅಂತ ಅಲ್ಲೇ ಗೊತ್ತಾಗೋದು. ಕನ್ನಡದಲ್ಲಿ ಧ್ವನಿಗಳನ್ನ ಸರಿಯಾಗಿ ತೂಗಿಸಿದ ಪದಪಟ್ಟಿ ಇಲ್ಲೇ, ನಮ್ಮ ವಾಕ್ ಶ್ರವಣ ಸಂಸ್ಥೆಯಲ್ಲೇ 2005ರಲ್ಲಿ ಮಾಡಿದ್ದು. ಇಂಗ್ಲಿಷ್ ಪದ ಹಾಕಿ ಕನ್ನಡದ ಅಜ್ಜಿಯ ಕಿವಿ ಅಳೆಯೋ ಕಡೆ ಹೋಗಬೇಡಿ. ನಿಮ್ಮದು ಎಷ್ಟು ಬಂತು? 84. ಚೆನ್ನಾಗಿದೆ. ಮಿಷನ್ ಕೆಲಸ ಮಾಡುತ್ತೆ ನಿಮಗೆ. ಕೆಲವರಿಗೆ ಇದು 40ಕ್ಕೆ ಇಳಿದಿರುತ್ತೆ. ಅವರಿಗೆ ಯಾವ ಬೆಲೆಯದು ಕೂರಿಸಿದ್ರೂ ‘ಸದ್ದು ಜೋರಾಯ್ತು, ಅರ್ಥ ಆಗಲ್ಲ’ ಅಂತಾರೆ. ಅದನ್ನ ಮೊದಲೇ ಹೇಳದೆ ಲಕ್ಷಗಟ್ಟಲೆ ಕೀಳೋದು ಪಾಪ.

– ಈಗ ಹೇಳಿ, ನಮ್ಮವಳ ಪ್ರಶ್ನೆ. ಎಷ್ಟಂತೆ?

– ಮಾರುಕಟ್ಟೆಯ ಅಂದಾಜು ಹೇಳ್ತೀನಿ. ಜೇಬಿಗೆ ಹಾಕೋ ಹಳೇ ಡಬ್ಬಿ ಎರಡು ಮೂರು ಸಾವಿರಕ್ಕೆ ಈಗಲೂ ಸಿಗುತ್ತೆ, ಅದು ನಿಮಗೆ ಬೇಡ. ಕಿವಿ ಹಿಂದೆ ಕೂರೋ ಸಾದಾ ಡಿಜಿಟಲ್ ಒಂದು ಕಿವಿಗೆ ಹತ್ತರಿಂದ ಇಪ್ಪತ್ತೈದು ಸಾವಿರ. ತೆಳು ತಂತಿ ಕಿವಿಯೊಳಗೆ ಇಳಿದು ತುದೀಲಿ ಪುಟ್ಟ ಸ್ಪೀಕರ್ ಇರುತ್ತಲ್ಲ, ನನ್ನ ಹತ್ರ ಇರೋ ಥರದ್ದು, ಆರ್‌ಐಸಿ ಅಂತಾರೆ, ಅದರಲ್ಲಿ ನಡುಮಟ್ಟದ್ದು ಮೂವತ್ತೈದು ನಲವತ್ತು ಸಾವಿರದಿಂದ ಶುರು. ಮೇಲಕ್ಕೆ ಕೊನೆ ಇಲ್ಲ. ನಿಮ್ಮ ಗೆರೆಗೆ ಈ ನಡುಮಟ್ಟದ ಜೊತೆ ಸಾಕು. ಕೆಳಗಿನ ಸದ್ದು ನಿಮಗೆ ಹಾಗೇ ಕೇಳಿಸುತ್ತೆ, ಅದನ್ನ ಮುಚ್ಚದೆ, ಕಿವಿಯ ರಂಧ್ರ ತೆರೆದಿರೋ ಹಾಗೆ ತೂತಿರೋ ರಬ್ಬರ್ ತುದಿ ಹಾಕ್ತಾರೆ. ಪೂರ್ತಿ ಮುಚ್ಚಿದ್ರೆ ನಿಮ್ಮ ದನಿ ನಿಮಗೇ ಗುಡಾಣದೊಳಗೆ ಮಾತಾಡಿದ ಥರ ಗುಂಯ್ ಅನ್ನುತ್ತೆ.

– ಜೊತೆ ಯಾಕೆ? ಸದ್ಯಕ್ಕೆ ಒಂದು ಕಿವಿಗೆ ಹಾಕ್ಕೊಂಡು ನೋಡಿದ್ರೆ?

– ಎಲ್ಲರೂ ಕೇಳೋದು ಇದನ್ನೇ. ಕನ್ನಡಕದಲ್ಲಿ ಒಂದೇ ಗಾಜು ಹಾಕಿಸ್ತೀರಾ? ಸ್ಕೂಟರ್ ಯಾವ ಕಡೆಯಿಂದ ಬಂತು ಅಂತ ಗೊತ್ತಾಗೋದು ಎರಡು ಕಿವಿಗೆ ಬರೋ ಸದ್ದಿನ ವ್ಯತ್ಯಾಸದಿಂದ. ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಒಬ್ಬರನ್ನ ಹೆಕ್ಕಿ ತೆಗೆಯೋದೂ ಎರಡು ಕಿವಿಯ ಕೆಲಸ. ಒಂದೂವರೆ ಲಕ್ಷದ ಒಂದು ಮಿಷನ್‌ಗಿಂತ ನಲವತ್ತು ಸಾವಿರದ ಎರಡು ಮೇಲು. ಇದರಲ್ಲಿ ಮಾತ್ರ ನಾನು ರಾಜಿ ಆಗಲ್ಲ. ತೀರಾ ಕೈಲಿ ಆಗದವರಿಗೆ ಒಂದಾದ್ರೂ ಆಗಲಿ, ಅದು ಬೇರೆ ಮಾತು.

– ಎಂಬತ್ತು ಸಾವಿರ. ವಿಮೆ ಕೊಡಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಪಾಲಿಸಿಯ ‘ಕೊಡೋದಿಲ್ಲ’ ಪಟ್ಟೀಲಿ ಕನ್ನಡಕ, ಕಿವಿ ಮಿಷನ್ ಅಕ್ಕಪಕ್ಕ ಕೂತಿವೆ. ಸರ್ಕಾರದ್ದು ಏನೋ ಯೋಜನೆ ಇದೆಯಂತಲ್ಲ?

– ಇದೆ. ರಾಷ್ಟ್ರೀಯ ವಯೋಶ್ರೀ ಯೋಜನೆ, 2017ರಿಂದ. ಅರವತ್ತು ದಾಟಿದವರಿಗೆ ಕೋಲು, ಹಲ್ಲುಸೆಟ್ಟು, ಕನ್ನಡಕ, ಕಿವಿ ಮಿಷನ್ ಉಚಿತ. ಆದ್ರೆ ಬಿಪಿಎಲ್ ಕಾರ್ಡು ಇರಬೇಕು, ಇಲ್ಲಾ ತಿಂಗಳ ಆದಾಯ 15,000 ದಾಟಬಾರದು. ಇನ್ನೊಂದು ಅಡಿಪ್ ಅಂತ, ಅಂಗವಿಕಲರಿಗೆ ಸಾಧನ ಕೊಡೋ ಹಳೇ ಯೋಜನೆ. ಅದಕ್ಕೆ ಶೇ. 40 ಅಂಗವೈಕಲ್ಯದ ಸರ್ಟಿಫಿಕೇಟು ಬೇಕು. ನಿಮ್ಮ ಸರಾಸರಿ 48 ಡೆಸಿಬೆಲ್ ಹತ್ರ, ಅದಕ್ಕೆ ಸಾಲದು. ಕಾನೂನಿನ ಕಣ್ಣಲ್ಲಿ ನೀವು ಕಿವುಡರಲ್ಲ.

– ಮನೇಲಿ ಕಿವುಡ, ಕಚೇರೀಲಿ ಅಲ್ಲ!

(ಪಕ್ಕದ ಬೆಂಚಿನಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ನನ್ನದೂ ಇಲ್ಲೊಂದು ಮಾತಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಮಂದಶ್ರವಣ ಎನ್ನುತ್ತದೆ, 70 ಆದರೆ ಕಿವುಡು. ಮಕ್ಕಳನ್ನು, ಹುಟ್ಟಾ ಕೇಳದವರನ್ನು ಮನಸ್ಸಿನಲ್ಲಿಟ್ಟುಕೊಂಡು ಎಳೆದ ಗೆರೆಯಾಗಿದ್ದರೆ ಅದು ಸರಿಯೇ. ಆದರೆ ಮುಪ್ಪಿನ ಕಿವುಡು ಬಹುಪಾಲು ಈ ಗೆರೆಯ ಕೆಳಗೇ ಬದುಕುತ್ತದೆ. ಒಂದು ಯೋಜನೆ ಬಡವರನ್ನು ನೋಡುತ್ತದೆ, ಇನ್ನೊಂದು ತೀವ್ರ ನಷ್ಟವಾದವರನ್ನು. ಇಪ್ಪತ್ತೈದು ಸಾವಿರ ಪಿಂಚಣಿಯ, ನಲವತ್ತೆಂಟು ಡೆಸಿಬೆಲ್ಲಿನ ಮನುಷ್ಯ ಎರಡೂ ಜರಡಿಯಿಂದ ಜಾರಿ ಹೊರಗೆ ಬೀಳುತ್ತಾನೆ. ಬಾಗಿಲ ಬಳಿ ಅರ್ಧವಾಗುವ ಬೆಲೆಗೆ ಸಿಕ್ಕುವವನೂ ಅವನೇ.)

– ಸುಮ್ಮನೆ ಹೇಳ್ತೀನಿ ರಾಯರೇ, ನಿಮ್ಮಂಥವರಿಗೆ ಮೈಸೂರಲ್ಲಿ ಇರೋದೇ ಒಂದು ರಿಯಾಯಿತಿ. ವಾಕ್ ಶ್ರವಣ ಸಂಸ್ಥೆ 1965ರದ್ದು, ಕೇಂದ್ರ ಆರೋಗ್ಯ ಇಲಾಖೆಯದು. ಅಲ್ಲಿ ಮಾರುಕಟ್ಟೆಗಿಂತ ಕಡಿಮೆ ದರಕ್ಕೆ ಮಿಷನ್ ಒದಗಿಸೋ ವ್ಯವಸ್ಥೆಯೇ ಇದೆ. ಕಿವಿಯ ಅಚ್ಚು ತೆಗೆದು ಅಲ್ಲೇ ಮೋಲ್ಡ್ ಮಾಡ್ತಾರೆ. ಕಾಯಬೇಕು, ಸಾಲಲ್ಲಿ ನಿಲ್ಲಬೇಕು, ಕಲಿಯೋ ಮಕ್ಕಳು ಎರಡೆರಡು ಸಲ ಪರೀಕ್ಷೆ ಮಾಡ್ತಾರೆ. ನನಗಂತೂ ಅದು ಅನುಕೂಲವೇ ಅನ್ನಿಸ್ತು, ಅವಸರ ಇಲ್ಲದೆ ನೋಡ್ತಾರೆ. ಬೆಂಗಳೂರಿನವರಿಗೆ ಲಿಂಗರಾಜಪುರದ ಕಡೆ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಸಿಜಿಎಚ್‌ಎಸ್, ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಒಂದು ಮಿತಿಯೊಳಗೆ ಹಣ ವಾಪಸು ಕೊಡ್ತವೆ. ಕೊಳ್ಳೋ ಮೊದಲು ಅನುಮತಿ ಪಡೀಬೇಕು, ಕೊಂಡ ಮೇಲೆ ಓಡಾಡಿದ್ರೆ ಕೆಲಸ ಆಗಲ್ಲ.

– ಮಗ ಅಮೆರಿಕದಿಂದ ತರ್ತೀನಿ ಅಂತಾನೆ. ಅಲ್ಲಿ ಅಂಗಡೀಲೇ, ಡಾಕ್ಟರ ಚೀಟಿ ಇಲ್ಲದೇ ಸಿಗುತ್ತಂತೆ.

– ಸಿಗುತ್ತೆ, 2022ರ ಅಕ್ಟೋಬರಿನಿಂದ. ಕಡಿಮೆ ಮತ್ತು ಮಧ್ಯಮ ನಷ್ಟದ ದೊಡ್ಡವರಿಗೆ. ಫೋನಿನ ಆ್ಯಪಿನಲ್ಲಿ ತಾವೇ ಹೊಂದಿಸ್ಕೊಳ್ಳಬೇಕು. ನೀವು ವಾಟ್ಸಾಪ್ ಅಪ್‌ಡೇಟ್ ಮಾಡೋಕೂ ಮೊಮ್ಮಗನನ್ನ ಕರೀತೀರಿ. ಕೆಟ್ಟರೆ ಇಲ್ಲಿ ಯಾರೂ ಮುಟ್ಟಲ್ಲ. ಆದ್ರೆ ದಾರಿ ಆ ಕಡೆಗೇ ಹೋಗ್ತಾ ಇದೆ, ಅದನ್ನ ತಳ್ಳಿಹಾಕಲ್ಲ. 2024ರಲ್ಲಿ ಆ್ಯಪಲ್‌ನವರ ಏರ್‌ಪಾಡ್ಸ್ ಪ್ರೊಗೆ ಅಮೆರಿಕದಲ್ಲಿ ಶ್ರವಣ ಸಾಧನವಾಗಿ ಅನುಮತಿ ಸಿಕ್ತು. ಆಗ ಭಾರತದಲ್ಲಿ ಆ ಸೌಲಭ್ಯ ತೆರೆದಿರಲಿಲ್ಲ. ಬೆಂಗಳೂರಿನ ಮೂವರು ಹುಡುಗರು ಏನು ಮಾಡಿದ್ರು ಗೊತ್ತಾ? ಅಜ್ಜಿಯರಿಗೆ ಬೇಕು ಅಂತ, ಅಲ್ಯುಮಿನಿಯಂ ಹಾಳೆ, ತಾಮ್ರದ ಜಾಲರಿ, ಮೈಕ್ರೋವೇವ್ ಒಲೆ ಇಟ್ಕೊಂಡು ಸುತ್ತಲಿನ ವೈಫೈ ಸಿಗ್ನಲ್ಲೆಲ್ಲ ತಡೆದು, ಆ ಸಾಧನಕ್ಕೆ ತಾನು ಅಮೆರಿಕದಲ್ಲೇ ಇದೀನಿ ಅಂತ ನಂಬಿಸಿಬಿಟ್ರು!

– ಅಜ್ಜಿಗೋಸ್ಕರ? ನನ್ನ ಮೊಮ್ಮಗ ನನ್ನ ಚಾರ್ಜರ್ ಕೂಡ ವಾಪಸ್ ಕೊಡಲ್ಲ.

– ನಿಮ್ಮ 4,000ದ 65 ಡೆಸಿಬೆಲ್ ಮಾತ್ರ ಏರ್‌ಪಾಡ್ಸ್‌ನ ಅಳವು ಮೀರಿದ್ದು. ಅದು ಕಡಿಮೆ ಮತ್ತು ಮಧ್ಯಮ ನಷ್ಟದವರಿಗೆ, ದಿನಾ ಸ್ವಲ್ಪ ಹೊತ್ತು ಹಾಕ್ಕೊಳ್ಳೋಕೆ ಸರಿ. ಬೆಳಗಿನಿಂದ ರಾತ್ರಿವರೆಗೆ ಹಾಕ್ಕೊಳ್ಳೋಕೆ ಮಾಡಿದ್ದಲ್ಲ.

– ಬ್ಯಾಟರೀದು ಒಳ್ಳೇದೋ ಚಾರ್ಜಿಂದೋ?

– ಬೆರಳು ಹೇಗಿದೆ ನಿಮ್ಮದು? ಗುಂಡಿ ಬ್ಯಾಟರಿ ಉದ್ದಿನ ಬೇಳೆಗಿಂತ ಒಂಚೂರು ದೊಡ್ಡದು. ಕೈ ನಡುಗೋರಿಗೆ ಅದು ದಿನಾ ಪರದಾಟ, ಅವರಿಗೆ ಚಾರ್ಜಿಂದೇ ಸರಿ. ಒಂದೇ ತೊಂದರೆ, ಕೆಲವು ವರ್ಷ ಆದ ಮೇಲೆ ಒಳಗಿನ ಬ್ಯಾಟರಿ ಸೊರಗಿದ್ರೆ ಕಂಪನಿಗೇ ಕಳಿಸಬೇಕು. ಗುಂಡಿ ಬ್ಯಾಟರಿ ಗಾಳಿಯಿಂದ ನಡೆಯುತ್ತೆ. ಸತು ಒಳಗಿರುತ್ತೆ, ಬೆನ್ನಿನ ಸ್ಟಿಕರ್ ಕಿತ್ತರೆ ತೂತಿನಿಂದ ಆಮ್ಲಜನಕ ಹೋಗಿ ಕೆಲಸ ಶುರು. ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. 312 ಅಂದ್ರೆ ಕಂದು ಸ್ಟಿಕರ್, 13 ಅಂದ್ರೆ ಕಿತ್ತಳೆ. ಸ್ಟಿಕರ್ ವಾಪಸು ಅಂಟಿಸಿದ್ರೂ ನಿಲ್ಲಲ್ಲ.

– ಅಂದ್ರೆ ಹಾಕ್ಕೊಳ್ಳದೇ ಇದ್ರೂ ಖರ್ಚಾಗುತ್ತಾ?

– ಆಗುತ್ತೆ. ಎಲ್‌ಐಸಿ ಮನಸ್ಸಿಗೆ ಚುಚ್ತಾ?

– ಚುಚ್ತು. ಐದು ವರ್ಷ ಬಾಳುತ್ತೆ ಅಂತ ಇಟ್ಕೊಂಡ್ರೆ ಎಂಬತ್ತು ಸಾವಿರಕ್ಕೆ ದಿನಕ್ಕೆ 44 ರೂಪಾಯಿ. ಹಾಗೆ ನೋಡಿದ್ರೆ...

– ಹಾಗೆ ನೋಡಬೇಡಿ. ಅಂಗಡಿಯವರೂ ಇದೇ ಲೆಕ್ಕ ಹೇಳಿ ಮೂರು ಲಕ್ಷದ್ದು ಮಾರೋದು, ‘ದಿನಕ್ಕೆ ಒಂದು ಮಸಾಲೆದೋಸೆ ಸರ್’ ಅಂತ. ಎಂಬತ್ತು ಸಾವಿರ ಅಂದ್ರೆ ಎಂಬತ್ತು ಸಾವಿರವೇ. ನಿಮ್ಮ ಮೂರು ತಿಂಗಳ ಪಿಂಚಣಿಗಿಂತ ಹೆಚ್ಚು. ಯೋಚನೆ ಮಾಡಬೇಕಾದ್ದೇ. ಆದ್ರೆ ಇನ್ನೊಂದು ಕಡೆ ಲೆಕ್ಕ ಮಾಡಿದೀರಾ? ಬ್ಯಾಂಕಿನಿಂದ ಫೋನ್ ಬಂದ್ರೆ ಯಾರು ಮಾತಾಡ್ತಾರೆ?

– ಅವಳೇ. ಒಟಿಪಿ ನಂಬರು ನನಗೆ ಸರಿಯಾಗಿ ಕೇಳಿಸಲ್ಲ.

– ಡಾಕ್ಟರ ಹತ್ರ ಹೋದಾಗ?

– ಅವಳೇ. ಟಿವಿ ಸದ್ದಿಗೆ ಅವಳಿಗೆ ತಲೆನೋವು. ರಾತ್ರಿ ಮಲಗೋ ಮುಂಚೆ ಏನಾದ್ರೂ ಹೇಳ್ತಾ ಇದ್ಲು ಮೊದಲು. ಈಗ ದೀಪ ಆರಿಸಿದ ಮೇಲೆ ತುಟಿ ಕಾಣಲ್ವಲ್ಲ, ಹೇಳೋದು ಬಿಟ್ಟಿದ್ದಾಳೆ.

– ನಿಮ್ಮ ಕಿವಿಯ ಬಾಡಿಗೆ ಅವರೇ ಕಟ್ತಾ ಇದ್ದಾರೆ ಅಂತಾಯ್ತು.

– ಹಾಕ್ಕೊಂಡ್ರೆ ಜನ ನಗ್ತಾರೆ ಮೇಡಂ. ಕುರುಡನ್ನ ಕಂಡ್ರೆ ದಾರಿ ಬಿಡ್ತಾರೆ, ಕಿವುಡನ್ನ ಕಂಡ್ರೆ ಕಥೆ ಕಟ್ತಾರೆ. ನಾಟಕದಲ್ಲಿ ಕಿವುಡನ ಪಾತ್ರ ಅಂದ್ರೆ ನಗಿಸೋಕೇ ಇರೋದು.

– ಮಿಷನ್ ನೋಡಿ ಯಾರೂ ನಗಲಿಲ್ಲ. ಪಂಚೆ ಮೇಲಿನ ತುಪ್ಪ ನೋಡಿ ನಕ್ಕಿರಬಹುದು.

– ಇನ್ನೊಂದು ಹೆದರಿಕೆ ಹಾಕಿದ್ರು ಅಂಗಡೀಲಿ. ಈಗ ಹಾಕ್ಕೊಳ್ಳದಿದ್ರೆ ಮರೆವಿನ ಕಾಯಿಲೆ ಬರುತ್ತೆ ಅಂತ.

– ಅದು ಪೂರಾ ಸುಳ್ಳೂ ಅಲ್ಲ, ಹೆದರಿಸೋ ಅಷ್ಟು ನಿಜವೂ ಅಲ್ಲ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನ ಮೂರು ವರ್ಷ ನೋಡಿದ್ರು, 2023ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು. ಎಲ್ಲರನ್ನೂ ಒಟ್ಟಿಗೆ ತಗೊಂಡ್ರೆ ಮಿಷನ್ ಹಾಕಿದವರಿಗೂ ಹಾಕದವರಿಗೂ ಬುದ್ಧಿ ಮಂಕಾಗೋದ್ರಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಒಂದು ಗುಂಪಿನಲ್ಲಿ ಮಾತ್ರ ಆ ಇಳಿತ ಶೇ. 48ರಷ್ಟು ನಿಧಾನವಾಯ್ತು. ಅಂಗಡಿಯವರು ಎರಡನೇ ವಾಕ್ಯ ಮಾತ್ರ ಓದಿ ಹೇಳ್ತಾರೆ. ಮರೆವಿಗೆ ಹೆದರಿ ಕೊಳ್ಳಬೇಡಿ, ಮಾತು ಬೇಕು ಅಂತ ಕೊಳ್ಳಿ.

– ಹಾಕ್ಕೊಂಡ ದಿನದಿಂದಲೇ ಎಲ್ಲ ಸರಿ ಹೋಗುತ್ತಾ?

– ಇಲ್ಲ. ಮೊದಲ ದಿನ ಪೇಪರ್ ಮಡಿಸೋ ಸದ್ದಿಗೇ ಬೆಚ್ಚಿಬೀಳ್ತೀರಿ. ನಲ್ಲಿ ನೀರು, ನಿಮ್ಮದೇ ಚಪ್ಪಲಿ, ಕುಕ್ಕರಿನ ಸೀಟಿ, ಎಲ್ಲ ಮೈಮೇಲೆ ಬಂದ ಹಾಗಾಗುತ್ತೆ. ಎಷ್ಟೋ ವರ್ಷದಿಂದ ಇದನ್ನೆಲ್ಲ ಕೇಳದ ಮೆದುಳು ಯಾವುದನ್ನ ಗಮನಿಸಬೇಕು, ಯಾವುದನ್ನ ಬಿಡಬೇಕು ಅಂತ ಮತ್ತೆ ಕಲೀಬೇಕು. ಅದಕ್ಕೆ ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಬಹಳ ಜನ ಮೊದಲ ವಾರದಲ್ಲೇ ಕಿತ್ತು ಬೀರುವಿನಲ್ಲಿ ಇಟ್ಟು ‘ಮಿಷನ್ ಸರಿ ಇಲ್ಲ’ ಅಂತಾರೆ. ಶಿಬಿರದಲ್ಲಿ ಹಂಚಿದ ಮಿಷನ್‌ಗಳ ಪಾಡಂತೂ ಕೇಳಬೇಡಿ. ಕೊಟ್ಟ ಫೋಟೋ ಪೇಪರಲ್ಲಿ ಬರುತ್ತೆ, ಸರಿಮಾಡಿಸೋಕೆ ಕರೆಸಿದ ಫೋಟೋ ನಾನು ನೋಡಿಲ್ಲ. ಮೊದಲು ಮನೇಲಿ ಒಬ್ಬರ ಜೊತೆ, ಆಮೇಲೆ ಇಬ್ಬರು, ಕೊನೆಗೆ ಕಲ್ಯಾಣ ಮಂಟಪ. ಹಾಕ್ಕೊಂಡೆ ಅಂತ ಸುಳ್ಳು ಹೇಳೋಕೂ ಆಗಲ್ಲ. ದಿನಕ್ಕೆ ಎಷ್ಟು ಗಂಟೆ ಹಾಕಿದ್ರಿ ಅಂತ ಅದು ಒಳಗೇ ಬರೆದಿಟ್ಕೊಳ್ಳುತ್ತೆ. ಕಂಪ್ಯೂಟರಿಗೆ ಸಿಕ್ಕಿಸಿದ ತಕ್ಷಣ ನಿಮ್ಮ ಬಂಡವಾಳ ಬಯಲು.

– ಕಲ್ಯಾಣ ಮಂಟಪದಲ್ಲಿ ವಾಲಗದ ನಡುವೆ ಕೇಳಿಸುತ್ತಾ?

– ಕೇಳಿಸಲ್ಲ. ಯಾವ ಬೆಲೆಯದಕ್ಕೂ. ಆರೋಗ್ಯವಾಗಿರೋ ಕಿವಿಗೇ ಅಲ್ಲಿ ಕೇಳಿಸಲ್ಲ, ಅಲ್ಲಿ ಎಲ್ಲರೂ ತಲೆ ಆಡಿಸ್ತಾ ಇರ್ತಾರೆ ಅಷ್ಟೆ. ಕೇಳಿಸುತ್ತೆ ಅಂತ ಯಾರಾದ್ರೂ ಆಣೆ ಮಾಡಿದ್ರೆ ಅಲ್ಲಿಂದ ಎದ್ದು ಬನ್ನಿ.

– ಮತ್ತೆ ಸಂಗೀತ? ಎಂಟನೇ ಕ್ರಾಸಿನ ಗಣಪತಿ ಉತ್ಸವದ ಕಚೇರಿ ಒಂದೂ ಬಿಡಲ್ಲ ನಾನು.

– ಅದನ್ನ ಮೊದಲೇ ಹೇಳಿ ಅವರಿಗೆ, ಬಹಳ ಜನ ಹೇಳಲ್ಲ. ಈ ಮಿಷನ್ ಮಾತಿಗೆ ಅಂತ ಮಾಡಿದ್ದು. ಮಿಷನ್ ಸ್ವತಃ ಕೀಂಯ್ ಅನ್ನದ ಹಾಗೆ ತಡೆಯೋ ಒಂದು ಏರ್ಪಾಡು ಒಳಗಿರುತ್ತೆ. ಒಂದೇ ಸಮ ನಿಲ್ಲೋ ಸದ್ದು ಬಂದ್ರೆ ಇದು ನನ್ನದೇ ಕೀಂಯ್ ಅಂದ್ಕೊಂಡು ಅದನ್ನ ಅಳಿಸೋಕೆ ಹೋಗುತ್ತೆ. ತಂಬೂರಿ, ಕೊಳಲಿನ ದೀರ್ಘ ಷಡ್ಜ ಅದಕ್ಕೆ ಅಪರಾಧಿಯ ಹಾಗೆ ಕಾಣುತ್ತೆ. ನನಗೆ ಮೊದಲ ಸಲ ತಂಬೂರಿ ನಡುಗಿ ಅಪಸ್ವರ ಕೇಳಿ, ಪಾಪ ಆ ಹುಡುಗಿಗೆ ಶ್ರುತಿ ಸೇರಿಸೋಕೂ ಬರಲ್ಲ ಅಂತ ಪಕ್ಕದವರ ಹತ್ರ ಹೇಳಿಬಿಟ್ಟಿದ್ದೆ. ಸಂಗೀತಕ್ಕೆ ಬೇರೆ ಪ್ರೋಗ್ರಾಮ್ ಹಾಕಿಸ್ಕೊಳ್ಳಬಹುದು, ಗುಂಡಿ ಒತ್ತಿ ಬದಲಾಯಿಸಬೇಕು. ಅದಕ್ಕೆ ಹೆಚ್ಚು ದುಡ್ಡಿಲ್ಲ, ಕೇಳಬೇಕು ಅಷ್ಟೆ. ಹಾಂ, ಎಣ್ಣೆಸ್ನಾನದ ದಿನ ಬಿಚ್ಚಿಡೋದು ಮರೀಬೇಡಿ. ರಾತ್ರಿ ಸಿಲಿಕಾ ಹರಳಿನ ಡಬ್ಬೀಲಿ ಇಡಿ, ಬೆವರಿನ ತೇವವೇ ಇದರ ಶತ್ರು. ಮಂಗಳೂರಿನ ಅಕ್ಕನ ಮನೆಗೆ ಹೋದಾಗಲಂತೂ ತಪ್ಪಿಸಬೇಡಿ.

– ಆಯ್ತು. ಮಗನ ದುಡ್ಡು ಬೇಡ ಅಂತ ತೀರ್ಮಾನ ಮಾಡಿದೀನಿ. ಆಗಸ್ಟಲ್ಲಿ ಒಂದು ಎಫ್‌ಡಿ ಬರುತ್ತೆ, ಲಕ್ಷದ್ದು. ಅದನ್ನ ಮುಂದುವರಿಸಲ್ಲ.

– ಅಲ್ಲಿವರೆಗೆ ಟ್ರಯಲ್‌ಗೆ ಕೊಡ್ತಾರಾ ಕೇಳಿ. ಎರಡು ಮೂರು ಮಾದರಿ ಹಾಕಿ ನೋಡದೆ ಕೊಳ್ಳಬೇಡಿ. ಮುಂದಿನ ಸಲ ಹೋಗುವಾಗ ಮನೆಯವರನ್ನೂ ಕರ್ಕೊಂಡು ಹೋಗಿ.

– ಅವಳ್ಯಾಕೆ ಅಲ್ಲಿಗೆ?

– ಮಿಷನ್ ಕೂರಿಸಿದ ಮೇಲೆ ಅವರು ನಿಮ್ಮ ಹಿಂದೆ ನಿಂತು ಮಾತಾಡಲಿ, ತುಟಿ ಕಾಣದ ಹಾಗೆ. ಬೇರೆಯವರ ದನಿ ಎಷ್ಟು ಚೆನ್ನಾಗಿ ಕೇಳಿಸಿದ್ರೇನು? ಅಡುಗೆಮನೆಯಿಂದ ಕೂಗಬಾರದು, ಎದುರಿಗೆ ಬಂದು ಮಾತಾಡಬೇಕು ಅಂತ ಅವರಿಗೂ ಅಲ್ಲಿ ಹೇಳಿಕೊಡ್ತಾರೆ. ನೀವು ಹೇಳಿದ್ರೆ ಜಗಳ ಆಗುತ್ತೆ.

– ಅವಳು ಬಂದ್ರೆ ಚೌಕಾಸಿ ಶುರು ಮಾಡ್ತಾಳೆ. ದೇವರಾಜ ಮಾರ್ಕೆಟ್ಟಲ್ಲಿ ಸೊಪ್ಪಿನವರೇ ಹೆದರ್ತಾರೆ.

– ಮಾಡಲಿ. ಮಿಷನ್ ಬೆಲೇಲಿ ಎಷ್ಟು ಬೇಕಾದ್ರೂ ಇಳಿಸಲಿ. ಆಮೇಲೆ ಬಂದು ಸರಿಮಾಡಿಸ್ಕೊಳ್ಳೋ ಸಲಗಳ ಲೆಕ್ಕ ಬಂದಾಗ ಮಾತ್ರ ಒಂದೂ ಇಳಿಸೋಕೆ ಬಿಡಬೇಡಿ.